ಲಾಟ್ ಈಗ ಎಲ್ಲಿದೆ, ಮುಂದೆ ಎಲ್ಲಿಗೆ ಹೋಗಬಾರದು: ಸ್ಟೇಟ್ ಪ್ಯಾಟರ್ನ್‌ಗೆ ಒಂದು ಸಣ್ಣ ಲೈಬ್ರರಿ

ಪ್ರಶ್ನೆ: ನಾನು ತಿಕೋಟಾ ಕಡೆಯವನು. ವಿಜಯಪುರದ ಒಂದು ಕೋಲ್ಡ್ ಸ್ಟೋರೇಜ್‌ಗೆ ಒಣದ್ರಾಕ್ಷಿ ಲಾಟ್‌ಗಳ ಲೆಕ್ಕ ಇಡುವ ಸಾಫ್ಟ್‌ವೇರ್ ಬರೆದುಕೊಟ್ಟಿದ್ದೇನೆ, ಪೈಥಾನ್‌ನಲ್ಲಿ. ಲಾಟ್ ಬಂತಾ, ತೂಕ ಆಯ್ತಾ, ಮಾರಾಟ ಆಯ್ತಾ, ಹೊರಗೆ ಹೋಯ್ತಾ ಎಂದು ನೋಡಲು ಎಲ್ಲ ಕಡೆ ಇಫ್-ಎಲ್ಸ್ ತುಂಬಿದೆ. ಹೋದ ತಿಂಗಳು ಒಂದೇ ಲಾಟ್‌ಗೆ ಎರಡು ಗೇಟ್ ಪಾಸ್ ಬಂದವು. ಬ್ಯಾಂಕಿಗೆ ಅಡವಿಟ್ಟ ಇನ್ನೊಂದು ಲಾಟ್ ಹೊರಗೆ ಹೋಗುವುದು ಸ್ವಲ್ಪದರಲ್ಲಿ ತಪ್ಪಿತು. ವಸ್ತುವಿನ ಸ್ಥಿತಿಗೆ ತಕ್ಕಂತೆ ಅದರ ನಡವಳಿಕೆ ಬದಲಾಗುವಂತೆ ಕೋಡ್ ಜೋಡಿಸುವ ಸ್ಟೇಟ್ ಪ್ಯಾಟರ್ನ್ ಎಂಬ ವಿಧಾನವನ್ನು ಕಾಲೇಜಿನಲ್ಲಿ ಓದಿದ್ದೆ. ಅದಕ್ಕೆ ‘ಟ್ರಾನ್ಸಿಷನ್ಸ್’ ಎಂಬ ಸಣ್ಣ ಲೈಬ್ರರಿ, ಅಂದರೆ ಬೇರೆಯವರು ಬರೆದಿಟ್ಟ ಸಿದ್ಧ ಕೋಡ್, ಇದೆ ಎಂದು ಗೆಳೆಯರು ಹೇಳಿದರು. ಅದನ್ನು ಬಳಸಲಾ, ನಾನೇ ಬರೆಯಲಾ?

ಉತ್ತರ: ಬಳಸಿ. ಆದರೆ ಅದಕ್ಕೂ ಮೊದಲು ಮೂವತ್ತು ಸಾಲು ನೀವೇ ಬರೆಯಿರಿ. ಅದಕ್ಕೂ ಮೊದಲು ಒಂದು ಹಾಳೆ ತಗೊಂಡು ಸ್ಟೋರೇಜ್‌ನ ಗುಮಾಸ್ತರ ಪಕ್ಕ ಕೂತುಕೊಳ್ಳಿ. ಈ ಮೂರರಲ್ಲಿ ಹಾಳೆಯ ಕೆಲಸವೇ ದೊಡ್ಡದು, ಅದರಿಂದಲೇ ಶುರು ಮಾಡುತ್ತೇನೆ.

ಲಾಟ್ ಯಾವ ಯಾವ ಸ್ಥಿತಿಯಲ್ಲಿ ಇರಬಹುದು ಎಂದು ಎಡಗಡೆ ಕೆಳಗಿಳಿಯುತ್ತಾ ಬರೆಯಿರಿ. ನಿಮ್ಮ ಪತ್ರ ಓದಿ ನನಗೆ ಆರು ಕಂಡವು: ಬಂದಿದೆ, ತೂಕವಾಗಿದೆ, ಒಳಗಿದೆ, ಮಾರಾಟವಾಗಿದೆ, ಪಾಸ್ ಆಗಿದೆ, ಹೊರಗೆ ಹೋಗಿದೆ. ಮೇಲ್ಗಡೆ ಅಡ್ಡಲಾಗಿ ಜನ ಮಾಡುವ ಕೆಲಸಗಳನ್ನು ಬರೆಯಿರಿ. ತೂಗು, ಇಡು, ಮಾರು, ಪಾಸ್ ಕೊಡು, ಕಳಿಸು, ರದ್ದು ಮಾಡು. ಇವೂ ಆರು. ಗೆರೆ ಎಳೆದರೆ 36 ಮನೆಗಳಾಗುತ್ತವೆ. ಈಗ ಒಂದೊಂದು ಮನೆಗೂ ಕೈಯಿಟ್ಟು ಗುಮಾಸ್ತರನ್ನು ಕೇಳಿ: ಲಾಟ್ ಈ ಸ್ಥಿತಿಯಲ್ಲಿದ್ದಾಗ ಈ ಕೆಲಸ ಮಾಡಬಹುದಾ? ಮಾಡಿದರೆ ಆಮೇಲೆ ಲಾಟ್ ಎಲ್ಲಿರುತ್ತದೆ?

ನಾನು ತುಂಬಿ ನೋಡಿದೆ. ನನಗೆ 8 ಮನೆ ತುಂಬಿದವು. ಉಳಿದ 28 ಖಾಲಿ. ಆ 28 ಖಾಲಿ ಮನೆಗಳೇ ನಿಮ್ಮ ನಿಜವಾದ ಸಾಫ್ಟ್‌ವೇರ್. ಪಾಸ್ ಆಗಿರುವ ಲಾಟ್‌ಗೆ ಮತ್ತೆ ಪಾಸ್ ಕೊಡುವುದು ಅಂಥ ಒಂದು ಖಾಲಿ ಮನೆ. ಇಫ್-ಎಲ್ಸ್ ಬರೆಯುವಾಗ ನಾವು ಆಗಬೇಕಾದ ಕೆಲಸಗಳನ್ನೇ ಯೋಚಿಸುತ್ತೇವೆ. ಆಗಬಾರದ್ದು ಯಾರ ತಲೆಗೂ ಬರುವುದಿಲ್ಲ. ಖಾಲಿ ಮನೆಗೆ ಯಾರೂ ಇಫ್ ಬರೆದಿರುವುದಿಲ್ಲ, ಹಾಗಾಗಿ ಕೋಡ್ ಸುಮ್ನೆ ಮುಂದೆ ಹೋಗುತ್ತದೆ. ಸ್ಟೇಟ್ ಪ್ಯಾಟರ್ನ್ ಆಗಲಿ, ಅದರ ಯಾವುದೇ ಲೈಬ್ರರಿ ಆಗಲಿ, ಮಾಡಬೇಕಾದ ಮೊದಲ ಕೆಲಸ ಇದು: ಖಾಲಿ ಮನೆಯ ಮುಂದೆ ನಿಂತು ‘ಇಲ್ಲ, ಆಗಲ್ಲ’ ಎನ್ನುವುದು. ಒಂದು ಲೈಬ್ರರಿ ಒಳ್ಳೆಯದಾ ಎಂದು ನೋಡಲು ನನ್ನ ಅಳತೆಗೋಲೂ ಅದೇ. ಅದು ಹೇಗೆ ‘ಇಲ್ಲ’ ಎನ್ನುತ್ತದೆ?

ಹಾಳೆಯಿಂದ ಇನ್ನೊಂದು ಲಾಭ ಇದೆ. ನಿಮಗೆ ಹೊಳೆಯದ ಪ್ರಶ್ನೆಗಳು ಅಲ್ಲೇ ಮೇಲೆ ಬರುತ್ತವೆ. ಉದಾಹರಣೆಗೆ, ರೈತರು ತಮ್ಮ ಮಣೂಕವನ್ನು (ಒಣದ್ರಾಕ್ಷಿಯನ್ನು) ಇಲ್ಲಿ ಮಾರದೆ ಮಹಾರಾಷ್ಟ್ರದ ತಾಸಗಾಂವ್ ಮಾರುಕಟ್ಟೆಗೆ ಒಯ್ಯಬಹುದು. ಹಾಗಾದರೆ ‘ಮಾರಾಟವಾಗಿದೆ’ ದಾಟದೆ ‘ಒಳಗಿದೆ’ಯಿಂದ ನೇರವಾಗಿ ಪಾಸ್ ಕೊಡಬೇಕಾಗುತ್ತದೆ. ಸರಿ, ಆಮೇಲೆ ಆ ಪಾಸ್ ರದ್ದಾದರೆ? ಲಾಟ್ ವಾಪಸ್ ‘ಒಳಗಿದೆ’ಗೆ ಬರಬೇಕಾ, ‘ಮಾರಾಟವಾಗಿದೆ’ಗೆ ಬರಬೇಕಾ? ಮೊದಲೇ ಮಾರಾಟ ಆಗಿತ್ತಾ ಇಲ್ಲವಾ ಎಂಬುದರ ಮೇಲೆ ಹೋಗುತ್ತದೆ. ಒಂದೇ ಮನೆಗೆ ಎರಡು ಉತ್ತರ. ಇದನ್ನು ಗುಮಾಸ್ತರು ಮೂವತ್ತು ಸೆಕೆಂಡಿನಲ್ಲಿ ಹೇಳುತ್ತಾರೆ. ನೀವು ಕೋಡ್‌ನಲ್ಲಿ ಹುಡುಕಲು ಹೋದರೆ ಒಂದು ಸೀಸನ್ ಬೇಕು.

ಈಗ ನೀವು ಕಾಲೇಜಿನಲ್ಲಿ ಓದಿದ್ದರ ಬಗ್ಗೆ ಒಂದು ಮಾತು. ಸ್ಟೇಟ್ ಪ್ಯಾಟರ್ನ್ ಹೆಸರಾದದ್ದು 1994ರಲ್ಲಿ, ನಾಲ್ವರು ಲೇಖಕರು 23 ಪ್ಯಾಟರ್ನ್‌ಗಳನ್ನು ಒಟ್ಟುಮಾಡಿ ಬರೆದ ಪುಸ್ತಕದಿಂದ. ಅದರಲ್ಲಿ ಒಂದೊಂದು ಸ್ಥಿತಿಗೂ ಒಂದೊಂದು ಕ್ಲಾಸ್ ಇರುತ್ತದೆ. ಅಲ್ಲಿನ ಉದಾಹರಣೆ ಟಿಸಿಪಿ ಸಂಪರ್ಕದ್ದು, ಅಂದರೆ ನೆಟ್‌ವರ್ಕ್‌ನಲ್ಲಿ ಎರಡು ಕಂಪ್ಯೂಟರ್‌ಗಳ ನಡುವಿನದು. ತೆರೆದಿರುವ ಸಂಪರ್ಕ, ಕಾಯುತ್ತಿರುವ ಸಂಪರ್ಕ, ಮುಚ್ಚಿದ ಸಂಪರ್ಕ ಮೂರೂ ಒಂದೇ ಆದೇಶಕ್ಕೆ ಬೇರೆ ಬೇರೆ ರೀತಿ ನಡೆದುಕೊಳ್ಳುತ್ತವೆ. ಪ್ರತಿ ಸ್ಥಿತಿಯಲ್ಲೂ ನಡವಳಿಕೆ ಇಷ್ಟು ಬೇರೆ ಇದ್ದಾಗ ಕ್ಲಾಸ್ ಮಾಡುವುದು ಸರಿ. ನಿಮ್ಮ ಲಾಟ್ ಹಾಗಲ್ಲ. ಅದು ಯಾವ ಸ್ಥಿತಿಯಲ್ಲಿದ್ದರೂ ಅದೇ ಬಾಕ್ಸುಗಳ ಗುಂಪು. ಬದಲಾಗುವುದು ‘ಮುಂದೆ ಎಲ್ಲಿಗೆ’ ಎಂಬುದು ಮಾತ್ರ. ಇಂಥದ್ದಕ್ಕೆ ನಿಮ್ಮ ಹಾಳೆಯಂಥ ಕೋಷ್ಟಕವೇ ಸಾಕು. ಕೋಷ್ಟಕದ ದಾರಿಯ ಮಾತನ್ನು ಆ ಪುಸ್ತಕವೂ ಎತ್ತುತ್ತದೆ: ಪ್ಯಾಟರ್ನ್‌ನ ಗಮನ ನಡವಳಿಕೆಯ ಮೇಲೆ, ಕೋಷ್ಟಕದ ಗಮನ ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವಿಕೆಯ ಮೇಲೆ. ಟ್ರಾನ್ಸಿಷನ್ಸ್ ಲೈಬ್ರರಿ ಕೋಷ್ಟಕದ ಕಡೆಯದು. ಅಂದರೆ ಅದು ನೀವು ಓದಿದ ಪ್ಯಾಟರ್ನ್ ಅಲ್ಲ, ಅದರ ಅಣ್ಣ. ನಿಮಗೆ ಬೇಕಾದದ್ದೂ ಅಣ್ಣನೇ. ಆರು ಕ್ಲಾಸ್ ಬರೆಯಲು ಹೋಗಬೇಡಿ.

ಮೂವತ್ತು ಸಾಲು ಅಂದೆನಲ್ಲ, ಅದು ಹೀಗೆ. ಒಂದು ಡಿಕ್ಷನರಿ. ಅದರ ಕೀ ಎಂದರೆ ಈಗಿನ ಸ್ಥಿತಿ ಮತ್ತು ಕೆಲಸ, ಎರಡರ ಜೋಡಿ. ಆ ಕೀ ಎದುರಿಗಿರುವ ವ್ಯಾಲ್ಯೂ ಹೊಸ ಸ್ಥಿತಿ. ಹಾಳೆಯಲ್ಲಿ ತುಂಬಿದ 8 ಮನೆಗಳು ಹೆಚ್ಚುಕಡಿಮೆ 8 ಸಾಲು. ಒಂದು ಫಂಕ್ಷನ್ ಆ ಜೋಡಿಯನ್ನು ಹುಡುಕುತ್ತದೆ. ಸಿಕ್ಕರೆ ಸ್ಥಿತಿ ಬದಲಿಸುತ್ತದೆ, ಸಿಗದಿದ್ದರೆ ಎಕ್ಸೆಪ್ಷನ್ ಎಸೆಯುತ್ತದೆ, ಅಂದರೆ ದೋಷ ಎಂದು ಹೇಳಿ ಕೆಲಸವನ್ನು ಅಲ್ಲೇ ನಿಲ್ಲಿಸುತ್ತದೆ. ಮುಗಿಯಿತು. ಇದನ್ನು ಬರೆದು, 36 ಮನೆಗೂ ಒಂದೊಂದು ಟೆಸ್ಟ್ ಓಡಿಸಿ. 36 ಅಂದರೆ ಎರಡು ಲೂಪ್ ಅಷ್ಟೆ, ಕೈಯಿಂದ ಬರೆಯಬೇಕಿಲ್ಲ. ನಿಮ್ಮ ಕೆಲಸ ಇಷ್ಟಕ್ಕೇ ಮುಗಿಯುವುದಾಗಿದ್ದರೆ ಲೈಬ್ರರಿ ಬೇಡ ಎನ್ನುತ್ತಿದ್ದೆ. ಹೊರಗಿನಿಂದ ತಂದ ಒಂದೊಂದು ಲೈಬ್ರರಿಯನ್ನೂ ವರ್ಷಗಟ್ಟಲೆ ಸಾಕಬೇಕಾಗುತ್ತದೆ, ಅಲ್ವಾ?

ನಿಮ್ಮ ಕೆಲಸ ಅಷ್ಟಕ್ಕೆ ಮುಗಿಯುವುದಿಲ್ಲ. ಅಡವು ಇದೆ, ರದ್ದಾದ ಪಾಸ್ ಇದೆ, ರೈತರಿಗೆ ಹೋಗುವ ಎಸ್ಸೆಮ್ಮೆಸ್ ಇದೆ, ಯಾರು ಯಾವಾಗ ಏನು ಮಾಡಿದರು ಎಂಬ ದಾಖಲೆ ಬೇಕು. ಇವನ್ನೆಲ್ಲ ಮೂವತ್ತು ಸಾಲಿಗೆ ಅಂಟಿಸುತ್ತಾ ಹೋದರೆ ಕೊನೆಗೆ ನೀವೇ ಒಂದು ಲೈಬ್ರರಿ ಬರೆದಿರುತ್ತೀರಿ, ಟೆಸ್ಟ್ ಇಲ್ಲದ್ದು. ಅದಕ್ಕೇ ಬಳಸಿ ಎಂದದ್ದು. ಟ್ರಾನ್ಸಿಷನ್ಸ್ ಮುಕ್ತವಾಗಿ ಸಿಗುತ್ತದೆ, ಎಂಐಟಿ ಲೈಸೆನ್ಸ್‌ನದು. ಪೈಥಾನ್‌ನ ಪಿಪ್ ಆದೇಶದಿಂದ ಹಾಕಿಕೊಳ್ಳುವುದು ಒಂದು ಸಾಲಿನ ಕೆಲಸ. ಅದರಲ್ಲಿ ‘ಮಷೀನ್’ ಎಂಬ ಒಂದು ಕ್ಲಾಸ್ ಇದೆ. ಅದಕ್ಕೆ ನಿಮ್ಮ ಲಾಟ್ ವಸ್ತು, ಸ್ಥಿತಿಗಳ ಪಟ್ಟಿ, ದಾಟುವಿಕೆಗಳ ಪಟ್ಟಿ ಕೊಟ್ಟರೆ, ಲಾಟ್‌ಗೆ ಕೆಲಸಗಳ ಹೆಸರಿನ ಮೆಥಡ್‌ಗಳು ತಾವಾಗಿ ಬರುತ್ತವೆ. ಖಾಲಿ ಮನೆಯ ಕೆಲಸ ಕರೆದರೆ ಅದು ಮಷೀನ್ ಎರರ್ ಎಸೆಯುತ್ತದೆ. ಒಳ್ಳೆಯದು, ಗಟ್ಟಿಯಾಗಿ ‘ಇಲ್ಲ’ ಎಂದಂತಾಯಿತು.

ಆದರೆ ಈ ಲೈಬ್ರರಿಗೆ ‘ಇಲ್ಲ’ ಎನ್ನಲು ಎರಡು ದನಿ ಇದೆ. ಇದನ್ನು ದಯವಿಟ್ಟು ಗಮನಿಸಿ. ದಾಟುವಿಕೆಗೆ ನೀವು ಷರತ್ತು ಹಾಕಬಹುದು, ಅದರಲ್ಲಿ ಕಂಡಿಷನ್ಸ್ ಎನ್ನುತ್ತಾರೆ. ಕೋಷ್ಟಕದಲ್ಲಿ ಮನೆ ತುಂಬಿದೆ, ಆದರೆ ಷರತ್ತು ಸುಳ್ಳಾಯಿತು ಎಂದುಕೊಳ್ಳಿ. ಆಗ ಎಕ್ಸೆಪ್ಷನ್ ಬರುವುದಿಲ್ಲ. ಮೆಥಡ್ ಸದ್ದಿಲ್ಲದೆ ಫಾಲ್ಸ್ ಎಂದು ಹಿಂದಿರುಗಿಸುತ್ತದೆ. ಸ್ಥಿತಿ ಹಾಗೇ ಇರುತ್ತದೆ. ನೀವು ಆ ಫಾಲ್ಸ್ ನೋಡದಿದ್ದರೆ ನಿಮ್ಮ ಮುಂದಿನ ಸಾಲು ಏನೂ ಆಗಿಲ್ಲವೆಂಬಂತೆ ಓಡುತ್ತದೆ.

ಇದರಿಂದ ನಾನೇ ಒಬ್ಬರಿಗೆ ತೊಂದರೆ ಕೊಟ್ಟಿದ್ದೇನೆ. ಬಾಗಲಕೋಟೆ ಜಿಲ್ಲೆಯ ಒಂದು ಕಡೆ ಕಬ್ಬಿನ ಕಾಟಾಕ್ಕೆ ಸಾಫ್ಟ್‌ವೇರ್ ಬರೆದಿದ್ದೆ. ಟ್ರ್ಯಾಕ್ಟರ್ ತುಂಬಿ ಬಂದಾಗ ಒಂದು ತೂಕ, ಕಬ್ಬು ಇಳಿಸಿದ ಮೇಲೆ ಖಾಲಿ ಗಾಡಿಯ ತೂಕ. ಯಾರ್ಡಿನವರು ಇಳಿಸಿದ ಗುರುತು ಹಾಕಿರಬೇಕು ಎಂಬುದು ಎರಡನೇ ತೂಕಕ್ಕೆ ಷರತ್ತು. ಒಂದು ರಾತ್ರಿ ಯಾರ್ಡಿನವರು ಗುರುತು ಹಾಕಲು ಮರೆತರು. ಷರತ್ತು ಸುಳ್ಳಾಯಿತು, ಫಾಲ್ಸ್ ಬಂತು, ನನ್ನ ಕೋಡ್ ಅದನ್ನು ನೋಡಲಿಲ್ಲ. ಕೆಳಗಿನ ಸಾಲು ಚೀಟಿ ಪ್ರಿಂಟ್ ಮಾಡಿತು. ರೈತರ ಕೈಯಲ್ಲಿ ಚೀಟಿ ಇದೆ, ಲೆಕ್ಕದಲ್ಲಿ ಮಾತ್ರ ಗಾಡಿ ಇನ್ನೂ ಇಳಿದೇ ಇಲ್ಲ. ಆ ಒಂದು ಟ್ರಿಪ್ಪಿನ ಬಿಲ್ ವಾರಗಟ್ಟಲೆ ನಿಂತುಬಿಟ್ಟಿತು. ಅವರು ಊರಿಂದ ಬಸ್ಸು ಹಿಡಿದು ಎರಡು ಸಲ ಬಂದು ಹೋಗಿದ್ದರು ಎಂದು ನನಗೆ ಆಮೇಲೆ ಗೊತ್ತಾಯಿತು. ಮೂರನೇ ಸಲ ಬಂದಾಗ ನಾನು ಅಲ್ಲಿದ್ದೆ. ಅವತ್ತಿನಿಂದ ನಾನು ಲೈಬ್ರರಿಯ ಮೆಥಡ್‌ಗಳನ್ನು ನೇರವಾಗಿ ಕರೆಯುವುದಿಲ್ಲ. ಮೇಲೆ ನನ್ನದೇ ಒಂದು ಸಣ್ಣ ಫಂಕ್ಷನ್ ಇರುತ್ತದೆ. ಅದು ಕೆಲಸ ಕರೆದು, ಫಾಲ್ಸ್ ಬಂದರೆ ತಾನೇ ಎಕ್ಸೆಪ್ಷನ್ ಎಸೆಯುತ್ತದೆ. ನಾಲ್ಕು ಸಾಲು. ನೀವೂ ಮೊದಲ ದಿನವೇ ಬರೆದುಕೊಳ್ಳಿ. ತಪ್ಪು ಕೆಲಸಗಳನ್ನು ಮೌನವಾಗಿ ಬಿಟ್ಟುಬಿಡು ಎನ್ನುವ ಒಂದು ಸೆಟ್ಟಿಂಗ್ ಕೂಡ ಈ ಲೈಬ್ರರಿಯಲ್ಲಿದೆ. ಅದನ್ನು ಮುಟ್ಟಲೇಬೇಡಿ.

ಇನ್ನೊಂದು ಬಾಗಿಲು ಡೀಫಾಲ್ಟ್ ಆಗಿ ತೆರೆದೇ ಇರುತ್ತದೆ. ಯಾವ ಸ್ಥಿತಿಯಿಂದಲಾದರೂ ಯಾವ ಸ್ಥಿತಿಗಾದರೂ ನೇರ ಹಾರುವ ಮೆಥಡ್‌ಗಳನ್ನು ಲೈಬ್ರರಿ ತಾನೇ ಹುಟ್ಟಿಸುತ್ತದೆ. ಪ್ರತಿ ಸ್ಥಿತಿಯ ಹೆಸರಿನ ಆರಂಭಕ್ಕೆ ‘ಟು’ ಸೇರಿಸಿದ ಮೆಥಡ್ ಅದು. ಟೆಸ್ಟ್ ಬರೆಯುವಾಗ ಅನುಕೂಲ, ನಿಜ. ಆದರೆ ಮುಂದೆ ಈ ಕೋಡ್ ನೋಡಿಕೊಳ್ಳಲು ಬರುವ ಹುಡುಗ ಅವಸರದಲ್ಲಿ ಅದನ್ನು ಬಳಸಿದರೆ, ನಿಮ್ಮ 28 ಖಾಲಿ ಮನೆಗಳೂ ಒಂದೇ ಏಟಿಗೆ ತುಂಬಿದಂತೆ. ಆಟೋ ಟ್ರಾನ್ಸಿಷನ್ಸ್ ಎಂಬ ಆಯ್ಕೆಯನ್ನು ಫಾಲ್ಸ್ ಮಾಡಿಬಿಡಿ.

ಈಗ ಅಡವಿನ ವಿಷಯ. ಹೆಚ್ಚು ಜನ ಎಡವುವುದು ಇಲ್ಲೇ. ರೈತರು ಲಾಟ್ ಒಳಗಿಟ್ಟು, ಆ ರಸೀದಿ ತೋರಿಸಿ ಬ್ಯಾಂಕಿನಿಂದ ಸಾಲ ತೆಗೆಯುತ್ತಾರೆ. ಸಾಲ ತೀರುವವರೆಗೆ ಲಾಟ್ ಹೊರಗೆ ಹೋಗಬಾರದು. ಸರಿ, ‘ಅಡವಿನಲ್ಲಿದೆ’ ಎಂದು ಏಳನೇ ಸ್ಥಿತಿ ಮಾಡೋಣ ಎಂದು ತಕ್ಷಣ ಅನಿಸುತ್ತದೆ. ಮಾಡಬೇಡಿ. ಅಡವಿಟ್ಟ ಲಾಟ್ ಮಾರಾಟವೂ ಆಗಬಹುದು, ಕೊಂಡವರ ದುಡ್ಡಿನಿಂದಲೇ ಸಾಲ ತೀರಬಹುದು. ಆಗ ‘ಅಡವಿನಲ್ಲಿದ್ದು ಮಾರಾಟವಾಗಿದೆ’ ಎಂಬ ಎಂಟನೇ ಸ್ಥಿತಿ ಬೇಕು. ನಾಳೆ ಬಾಡಿಗೆ ಬಾಕಿ ಇರುವ ಲಾಟ್ ಬಿಡಬಾರದು ಎಂದು ಮಾಲೀಕರು ಹೇಳುತ್ತಾರೆ. ಆಗ ಪ್ರತಿಯೊಂದಕ್ಕೂ ಇನ್ನೊಂದು ಜೋಡಿ. ಆರು ಹನ್ನೆರಡಾಗಿ, ಹನ್ನೆರಡು ಇಪ್ಪತ್ನಾಲ್ಕಾಗುತ್ತದೆ. ಹಾಳೆ ಸಾಲುವುದಿಲ್ಲ.

ನನ್ನ ಪರೀಕ್ಷೆ ಇದು. ಲಾಟ್ ಎಲ್ಲಿದೆ ಎಂಬ ಪ್ರಶ್ನೆಗೆ ಉತ್ತರವಾದರೆ ಅದು ಸ್ಥಿತಿ. ಲಾಟ್ ಎಲ್ಲಿದ್ದರೂ ಅದರ ಜೊತೆಗೇ ಇರುವ ವಿಷಯವಾದರೆ ಅದು ಬೇರೆ ಕಾಲಂ. ಅಡವು ಎರಡನೆಯದು. ಅದನ್ನು ಲಾಟ್‌ನ ಪಕ್ಕ ಒಂದು ಕಾಲಂ ಆಗಿ ಇಡಿ. ‘ಪಾಸ್ ಕೊಡು’ ಎಂಬ ದಾಟುವಿಕೆಗೆ ‘ಅಡವು ಇರಬಾರದು’ ಎಂದು ಷರತ್ತು ಹಾಕಿ. ಇಂಥ ‘ಇರಬಾರದು’ ಷರತ್ತುಗಳಿಗೇ ಲೈಬ್ರರಿಯಲ್ಲಿ ‘ಅನ್‌ಲೆಸ್’ ಎಂಬ ಆಯ್ಕೆ ಇದೆ, ಓದಲೂ ಸೊಗಸು. ಬಾಡಿಗೆ ಬಾಕಿ ಬಂದರೆ ಅದೇ ಸಾಲಿಗೆ ಇನ್ನೊಂದು ಹೆಸರು ಸೇರುತ್ತದೆ ಅಷ್ಟೆ. ಒಂದಕ್ಕೊಂದು ಸಂಬಂಧವಿಲ್ಲದ ವಿಷಯಗಳನ್ನು ಒಂದೇ ಸರಣಿಯಲ್ಲಿ ತುರುಕಿದರೆ ಸ್ಥಿತಿಗಳು ಸಿಡಿದು ಹರಡುತ್ತವೆ ಎಂಬುದನ್ನು ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಹರೆಲ್ 1987ರಲ್ಲೇ ತಮ್ಮ ಸ್ಟೇಟ್‌ಚಾರ್ಟ್ ಲೇಖನದಲ್ಲಿ ಬಿಡಿಸಿ ಹೇಳಿದ್ದಾರೆ. ಅವರ ದಾರಿ ಅಕ್ಕಪಕ್ಕ ಓಡುವ ಸಮಾನಾಂತರ ಸ್ಥಿತಿಗಳದು. ಈ ಲೈಬ್ರರಿಯ ಹೈರಾರ್ಕಿಕಲ್ ಮಷೀನ್‌ನಲ್ಲಿ ಅದೂ ಇದೆ. ನಿಮಗೆ ಅಷ್ಟು ಬೇಡ. ಒಂದು ಕಾಲಂ, ಒಂದು ಷರತ್ತು ಸಾಕು.

ರದ್ದಾದ ಪಾಸಿನ ಎರಡು ಉತ್ತರವೂ ಹೀಗೇ ಬಗೆಹರಿಯುತ್ತದೆ. ಒಂದೇ ಕೆಲಸಕ್ಕೆ ಎರಡು ಸಾಲು ಬರೆಯಿರಿ. ಮೊದಲನೆಯದಕ್ಕೆ ‘ಮಾರಾಟ ಆಗಿದ್ದರೆ’ ಎಂಬ ಷರತ್ತು, ಎರಡನೆಯದಕ್ಕೆ ಏನೂ ಇಲ್ಲ. ಲೈಬ್ರರಿ ಬರೆದ ಕ್ರಮದಲ್ಲೇ ನೋಡುತ್ತಾ ಹೋಗಿ, ಮೊದಲು ಹೊಂದಿದ್ದನ್ನು ಹಿಡಿಯುತ್ತದೆ. ಕ್ರಮ ಅದಲುಬದಲಾದರೆ ಮಾರಿದ ಲಾಟ್ ಮತ್ತೆ ‘ಒಳಗಿದೆ’ಗೆ ಬಂದು ಎರಡನೇ ಸಲ ಮಾರಾಟಕ್ಕೆ ನಿಲ್ಲುತ್ತದೆ. ಆ ಎರಡು ಸಾಲಿನ ಮೇಲೆ ಒಂದು ಕಾಮೆಂಟ್ ಹಾಕಿ.

ಇಷ್ಟೆಲ್ಲ ಮಾಡಿದರೂ ನಿಮ್ಮ ಎರಡು ಗೇಟ್ ಪಾಸ್ ಮತ್ತೆ ಬರಬಹುದು. ಕಾರಣ ಲೈಬ್ರರಿಯಲ್ಲಿಲ್ಲ. ಆಫೀಸಿನಲ್ಲಿ ಒಂದು ಕಂಪ್ಯೂಟರ್, ಗೇಟಿನಲ್ಲಿ ಒಂದು ಕಂಪ್ಯೂಟರ್ ಇದೆ ಎಂದುಕೊಳ್ಳಿ. ಇಬ್ಬರೂ ಒಂದೇ ಹೊತ್ತಿಗೆ ಅದೇ ಲಾಟ್ ತೆಗೆದರು. ಇಬ್ಬರ ಮೆಮೊರಿಯಲ್ಲೂ ಲಾಟ್ ‘ಮಾರಾಟವಾಗಿದೆ’ ಎಂದಿದೆ. ಇಬ್ಬರೂ ಪಾಸ್ ಒತ್ತಿದರು. ಮಷೀನ್ ಇಬ್ಬರಿಗೂ ‘ಆಯ್ತು’ ಎನ್ನುತ್ತದೆ, ಅದು ನೋಡುವುದು ತನ್ನ ಮೆಮೊರಿಯಲ್ಲಿರುವ ಲಾಟ್ ಮಾತ್ರ. ಲೈಬ್ರರಿಯ ಲಾಕ್ಡ್ ಮಷೀನ್ ಇಲ್ಲಿ ಕೈಹಿಡಿಯುತ್ತದೆ ಎಂದು ನಂಬಬೇಡಿ. ಅದು ಒಂದೇ ಪ್ರೋಸೆಸ್ (ಓಡುತ್ತಿರುವ ಒಂದು ಪ್ರೋಗ್ರಾಂ) ಒಳಗೆ ಜೊತೆಜೊತೆಗೆ ಓಡುವ ಥ್ರೆಡ್‌ಗಳಿಗೆ. ನಿಮ್ಮ ಸರ್ವರ್ ನಾಲ್ಕು ಪ್ರೋಸೆಸ್ ಓಡಿಸುತ್ತಿದ್ದರೆ ಉಪಯೋಗವಿಲ್ಲ.

ಕೊನೆಯ ‘ಇಲ್ಲ’ವನ್ನು ಡೇಟಾಬೇಸ್ ಹೇಳಬೇಕು. ಹೊಸ ಸ್ಥಿತಿ ಬರೆಯುವ ಅಪ್‌ಡೇಟ್ ಸಾಲಿನಲ್ಲಿ, ಯಾವ ದಾಖಲೆ ಬದಲಾಗಬೇಕು ಎಂದು ಹೇಳುವ ವೇರ್ ಭಾಗಕ್ಕೆ ಲಾಟ್ ನಂಬರ್ ಒಂದೇ ಸಾಲದು. ‘ಹಳೆಯ ಸ್ಥಿತಿ ಇನ್ನೂ ಮಾರಾಟವಾಗಿದೆ ಎಂದಿದ್ದರೆ, ಅಡವು ಇಲ್ಲದಿದ್ದರೆ’ ಎಂಬುದನ್ನೂ ಸೇರಿಸಿ. ಎಷ್ಟು ಸಾಲು ಬದಲಾಯಿತು ಎಂದು ಡೇಟಾಬೇಸ್ ಹೇಳುತ್ತದೆ. 1 ಬಂದರೆ ಪಾಸ್ ನಿಮ್ಮದು. 0 ಬಂದರೆ ಬೇರೆಯವರು ಮೊದಲು ಮಾಡಿದ್ದಾರೆ, ಇಲ್ಲವೇ ಅಷ್ಟರಲ್ಲಿ ಅಡವು ಬಿದ್ದಿದೆ ಎಂದರ್ಥ, ರೋಲ್‌ಬ್ಯಾಕ್ ಮಾಡಿ (ಬರೆದದ್ದನ್ನು ವಾಪಸ್ ತೆಗೆದು) ಪರದೆಯ ಮೇಲೆ ಹಾಗೇ ತೋರಿಸಿ. ಹಾಗಾದರೆ ಲೈಬ್ರರಿ ಯಾಕೆ ಬೇಕು ಎಂದು ನೀವು ಕೇಳಬಹುದು. ಯಾವುದು ಸರಿ ಎಂಬ ನಿಯಮ ಒಂದೇ ಕಡೆ, ಓದುವಂತೆ ಇರಲು. ಡೇಟಾಬೇಸ್ ಕಾವಲು ಕಾಯುತ್ತದೆ, ಆದರೆ ಕಾರಣ ಹೇಳುವುದಿಲ್ಲ. ‘ಅಡವು ಇದೆ, ಅದಕ್ಕೆ ಪಾಸ್ ಆಗಲ್ಲ’ ಎಂದು ಗೇಟಿನವರಿಗೆ ತಿಳಿಯುವ ಮಾತಿನಲ್ಲಿ ಹೇಳಲು ನಿಮ್ಮ ಕೋಷ್ಟಕವೇ ಬೇಕು. ಕೆಲಸ ಮಾಡದೆ ‘ಇದು ಈಗ ಆಗುತ್ತಾ’ ಎಂದು ಕೇಳುವ ‘ಮೇ’ ಮೆಥಡ್‌ಗಳೂ ಲೈಬ್ರರಿಯಲ್ಲಿವೆ. ಬಟನ್ ತೋರಿಸಬೇಕಾ ಬೇಡವಾ ಎಂದು ನೋಡಲು ಚೆನ್ನಾಗಿವೆ. ಬಟನ್ ಮರೆಮಾಡಿದ್ದೇ ಕಾವಲು ಎಂದು ಮಾತ್ರ ತಿಳಿಯಬೇಡಿ.

ಎಸ್ಸೆಮ್ಮೆಸ್ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಸ್ಥಿತಿ ಬದಲಾಗುವ ಮೊದಲು ಓಡುವ ‘ಬಿಫೋರ್’, ಬದಲಾದ ಮೇಲೆ ಓಡುವ ‘ಆಫ್ಟರ್’ ಎಂಬ ಜಾಗಗಳಿವೆ. ‘ಬಿಫೋರ್’ನಲ್ಲಿ ಎಕ್ಸೆಪ್ಷನ್ ಬಂದರೆ ಸ್ಥಿತಿ ಬದಲಾಗುವುದಿಲ್ಲ. ‘ಆಫ್ಟರ್’ನಲ್ಲಿ ಬಂದರೆ ಆಗಲೇ ಬದಲಾಗಿರುತ್ತದೆ. ಸಂದೇಶವನ್ನು ‘ಆಫ್ಟರ್’ನಲ್ಲಿ ಇಟ್ಟರೂ ತಪ್ಪೇ. ಡೇಟಾಬೇಸ್ ಕಮಿಟ್, ಅಂದರೆ ಬದಲಾವಣೆ ಖಾಯಂ ಆಗುವುದು, ಇನ್ನೂ ಆಗಿರುವುದಿಲ್ಲ. ‘ನಿಮ್ಮ ಲಾಟ್ ಹೊರಗೆ ಹೋಗಿದೆ’ ಎಂದು ರೈತರಿಗೆ ಸಂದೇಶ ಹೋಗಿ, ಆಮೇಲೆ ಕಮಿಟ್ ಕೆಟ್ಟರೆ ಅವರು ಗಾಬರಿಯಾಗಿ ಓಡಿ ಬರುತ್ತಾರೆ. ಕಮಿಟ್ ಆದ ಮೇಲೆ ಕಳಿಸಿ. ದಾಖಲೆ ಬರೆಯಲು ಮಾತ್ರ ‘ಆಫ್ಟರ್ ಸ್ಟೇಟ್ ಚೇಂಜ್’ ಸರಿಯಾದ ಜಾಗ. ಮಷೀನ್‌ಗೆ ಒಂದು ಸಲ ಹೇಳಿದರೆ ಸಾಕು, ಎಲ್ಲ ದಾಟುವಿಕೆಗೂ ಓಡುತ್ತದೆ. ಯಾರು, ಯಾವಾಗ, ಎಲ್ಲಿಂದ ಎಲ್ಲಿಗೆ, ನಾಲ್ಕೂ ಅದೇ ಟ್ರಾನ್ಸಾಕ್ಷನ್‌ನಲ್ಲಿ ಬರೆಯಿರಿ.

ಸರ್ವರ್ ಬರೆಯುವವರು ತಿಳಿದಿರಬೇಕಾದ್ದು ಒಂದಿದೆ. ಪ್ರತಿ ಲಾಟ್‌ಗೂ ಹೊಸ ಮಷೀನ್ ಕಟ್ಟುವುದು ನಿಧಾನ. ಒಂದೇ ಮಷೀನ್ ಇಟ್ಟು ಲಾಟ್‌ಗಳನ್ನು ಅದಕ್ಕೆ ಸೇರಿಸಬಹುದು, ಸೇರಿಸುವಾಗ ಡೇಟಾಬೇಸ್‌ನಲ್ಲಿರುವ ಸ್ಥಿತಿಯನ್ನೇ ಆರಂಭದ ಸ್ಥಿತಿಯಾಗಿ ಕೊಡಬಹುದು. ಆದರೆ ಸೇರಿಸಿದ ಲಾಟನ್ನು ಮಷೀನ್ ಕೈಬಿಡುವುದಿಲ್ಲ. ಕೆಲಸ ಮುಗಿದ ಮೇಲೆ ನೀವೇ ತೆಗೆಯಬೇಕು, ‘ರಿಮೂವ್ ಮಾಡೆಲ್’ ಇರುವುದು ಅದಕ್ಕೇ. ತೆಗೆಯದಿದ್ದರೆ ಮೆಮೊರಿ ದಿನದಿನಕ್ಕೂ ಏರುತ್ತದೆ. ಸರ್ವರ್ ವಾರಕ್ಕೊಮ್ಮೆ ಕಾರಣವಿಲ್ಲದೆ ಬಿದ್ದರೆ ಮೊದಲು ಇಲ್ಲಿ ನೋಡಿ.

ನೀವು ಕೇಳದಿದ್ದರೂ ಒಂದು ವಿಷಯ ಎತ್ತಲೇಬೇಕು. 15 ಕೆಜಿಯ 200 ಬಾಕ್ಸಿನ ಲಾಟ್‌ನಲ್ಲಿ ರೈತರು 50 ಮಾತ್ರ ಮಾರುತ್ತಾರೆ. ಈಗ ಲಾಟ್ ಮಾರಾಟವಾಗಿದೆಯಾ, ಒಳಗಿದೆಯಾ? ‘ಅರ್ಧ ಮಾರಾಟವಾಗಿದೆ’ ಎಂಬ ಸ್ಥಿತಿ ಮಾಡಿದರೆ ಮುಂದಿನ ಎಲ್ಲ ಲೆಕ್ಕವೂ ಕೆಡುತ್ತದೆ. ಲಾಟನ್ನೇ ಒಡೆಯಿರಿ. 150ರದ್ದು ಒಂದು, 50ರದ್ದು ಒಂದು, ಹೊಸದಕ್ಕೆ ಹಳೆಯ ಲಾಟ್‌ನ ನಂಬರ್ ಜೋಡಿಸಿ. ಒಂದು ವಸ್ತು ಒಂದು ಹೊತ್ತಿಗೆ ಒಂದೇ ಸ್ಥಿತಿಯಲ್ಲಿ ಇರಬೇಕು. ಇರದಿದ್ದರೆ ಅದು ಒಂದು ವಸ್ತು ಅಲ್ಲ, ಎರಡು. ಹಮಾಲರು ಅವನ್ನು ಆಗಲೇ ಬೇರೆ ಬೇರೆ ಥಪ್ಪಿಯಲ್ಲಿ ಜೋಡಿಸಿರುತ್ತಾರೆ. ನಿಮ್ಮ ಸಾಫ್ಟ್‌ವೇರ್ ಅವರ ಹಿಂದೆ ಹೋದರೆ ಸಾಕು.

ಈ ಬದಲಾವಣೆಯನ್ನು ಸೀಸನ್ ನಡುವೆ ಮಾಡಬೇಡಿ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಶೆಡ್‌ಗಳಲ್ಲಿ ದ್ರಾಕ್ಷಿ ಒಣಗುವ ಕಾಲ. ಆಗ ಗೇಟಿನ ಮುಂದೆ ಗಾಡಿಗಳ ಸಾಲು ನಿಂತಿರುತ್ತದೆ, ಯಾರಿಗೂ ನಿಮ್ಮ ಹೊಸ ಕೋಡ್ ಪರೀಕ್ಷಿಸಲು ಪುರುಸೊತ್ತು ಇರುವುದಿಲ್ಲ. ಆವಕ ಕಡಿಮೆಯಾದ ಮೇಲೆ ಮಾಡಿ. ಹೊಸದನ್ನು ಚಾಲೂ ಮಾಡುವ ಮೊದಲು ಹಳೆಯ ಡೇಟಾಬೇಸ್‌ನ ಎಲ್ಲ ಲಾಟ್‌ಗಳನ್ನೂ ಕೋಷ್ಟಕದ ಮುಂದೆ ಹಾಯಿಸಿ. ಪಾಸ್ ಇಲ್ಲದೆ ಹೊರಗೆ ಹೋದವು, ತೂಕವಿಲ್ಲದೆ ಒಳಗಿರುವವು, ಎರಡು ಪಾಸ್ ಇರುವವು, ಎಲ್ಲವನ್ನೂ ಒಂದು ಪಟ್ಟಿಗೆ ತೆಗೆಯಿರಿ. ಅವನ್ನು ಒಂದು ಅಪ್‌ಡೇಟ್ ಓಡಿಸಿ ಸರಿ ಮಾಡಿಬಿಡುವ ಆಸೆ ಬರುತ್ತದೆ. ಹಾಗೆ ಮಾಡಬೇಡಿ. ಪಟ್ಟಿ ಪ್ರಿಂಟ್ ಮಾಡಿ, ಸ್ವೆಟರ್ ಹಾಕಿಕೊಂಡು ಗುಮಾಸ್ತರ ಜೊತೆ ಚೇಂಬರ್ ಒಳಗೆ ಹೋಗಿ, ಒಂದೊಂದು ಲಾಟ್‌ನ ಬಾಕ್ಸುಗಳನ್ನು ಎಣಿಸಿ ಬರೆದುಕೊಳ್ಳಿ. ಆಮೇಲೆ ಒಂದೊಂದನ್ನೇ ಸರಿಪಡಿಸಿ.